ಗ್ಲಾಸನ್ನು ನೋಡಿದ ಹಾಗೆ

“ಕಟ್! ಅಯ್ಯೋ, ಕಷಾಯ ಕುಡಿಯೋಕೆ ಹೊರಟವರ ಥರ ನೋಡ್ತೀರಲ್ರೀ!” ನಿರ್ದೇಶಕ ತಲೆ ಚಚ್ಚಿಕೊಂಡ.

ಹೆಸರಾಂತ ನಟ ಬೆಳಗಿನಿಂದ ಒಂದು ಗ್ಲಾಸನ್ನು ಆಸೆಯಿಂದ ನೋಡಲು ಒದ್ದಾಡುತ್ತಿದ್ದ. ಜಾಹೀರಾತು ಸೋಡಾದ್ದು. ಸೋಡಾ ಅಂತೆ, ಸೋಡಾ! ಹೆಸರು ವಿಸ್ಕಿಯದು, ಬಾಟಲಿಯ ಆಕಾರವೂ ವಿಸ್ಕಿಯದೇ. ವಿಸ್ಕಿಯ ಜಾಹೀರಾತು ಹಾಕುವ ಹಾಗಿಲ್ಲವೆಂದು ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಸೋಡಾ’. ಸೋಡಾಕ್ಕೆ ಜೇನಿನ ಬಣ್ಣ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳಬಾರದು.

ಬಂದದ್ದು ಟೀ ಡಿಕಾಕ್ಷನ್ನಿನಿಂದ. ಅದನ್ನು ಕುದಿಸಿ, ಸೋಸಿ, ಪ್ಲಾಸ್ಟಿಕ್ ಐಸ್ ತುಂಡು ಹಾಕಿ, ಗ್ಲಾಸಿನ ಹೊರಮೈಗೆ ಗ್ಲಿಸರಿನ್ ಹನಿ ಕೂರಿಸಿದವನು ಸೆಟ್ಟಿನ ಸಾಮಾನು ನೋಡಿಕೊಳ್ಳುವವನು. ಅವನು ಕುಡಿತ ಬಿಟ್ಟು ವರ್ಷವಾಗಿತ್ತು. ಬಿಟ್ಟ ಮೇಲೆಯೇ ಹೆಂಡತಿ ತನ್ನ ಅಣ್ಣನ ಮನೆಯಿಂದ ಹಿಂದಿರುಗಿದ್ದಳು. ಈಗಲೂ ಸಂಜೆ ಬಾಗಿಲಲ್ಲಿ ನಿಲ್ಲಿಸಿ, ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದಳು. ಇನ್ನೊಂದು ಸಲ ಮುಟ್ಟಿದರೆ, ಹೋದಳೆಂದರೆ ಹೋದಳೇ.

ನಟನ ಮುಂದೆ ಗ್ಲಾಸನ್ನು ಸರಿಪಡಿಸಲು ಬಂದವನು, ದೀಪ ಬಿದ್ದು ಆ ಬಣ್ಣ ಬೆಳಗಿದ್ದೇ ತಡ, ಅಲ್ಲೇ ನಿಂತುಬಿಟ್ಟ. ಟೀ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾಳಾದ್ದು, ಬಾಯಲ್ಲಿ ನೀರೂರಿತು. ಬಿಟ್ಟುಬಂದ ಸಂಜೆಗಳೆಲ್ಲ ಆ ಗ್ಲಾಸಿನ ತಳದಲ್ಲಿ ಕೂತು ಕರೆದಂತಾಯಿತು.

“ಅಲುಗಾಡಬೇಡಪ್ಪಾ! ಇದೇ, ಇದೇ ನೋಟ!” ನಿರ್ದೇಶಕ ಕಿರುಚಿದ. ಕ್ಯಾಮೆರಾ ಅವನ ಕಡೆ ತಿರುಗಿತು.

“ಸಾರ್, ನಾನು ಬೇಡ. ಮನೇಲಿ…”

“ಬರೀ ಕಣ್ಣು ಕಣಯ್ಯಾ. ಯಾರಿಗೆ ಗೊತ್ತಾಗುತ್ತೆ?”

ಮುಂದಿನ ತಿಂಗಳು ಬಸ್ ನಿಲ್ದಾಣದ ಎದುರಿನ ಜಾಹೀರಾತು ಫಲಕದಲ್ಲಿ ಆ ಕಣ್ಣುಗಳು ಮನೆಯಷ್ಟೆತ್ತರ ಎದ್ದು ನಿಂತವು. ಅವುಗಳ ಕೆಳಗೆ ಗ್ಲಾಸು. ಪಕ್ಕದಲ್ಲಿ ‘ಕಾದಿದ್ದು ಇದಕ್ಕೇ’ ಎಂಬ ಸಾಲು. ಜೊತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಡತಿಯನ್ನು ಮಾತಿಗೆಳೆದು ಆ ಕಡೆ ನೋಡದಂತೆ ಮಾಡಲು ಅವನು ಹೆಣಗಿದ. ಅವಳು ನೋಡಿಯೇಬಿಟ್ಟಳು.

“ನಿಮ್ಮ ಕಣ್ಣಲ್ವಾ ರೀ?”

“ನಿನ್ನಾಣೆಗೂ ಬರೀ ಟೀ ಕಣೇ. ನಾನೇ ಕುದಿಸಿದ್ದು. ಒಂದು ತೊಟ್ಟೂ ಬಾಯಿಗಿಟ್ಟಿಲ್ಲ.”

“ಗೊತ್ತು ಬಿಡಿ. ದಿನಾ ಮೂಸ್ತೀನಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಆ ಕಣ್ಣುಗಳನ್ನೇ ನೋಡುತ್ತಾ ಹೇಳಿದಳು: “ಅಷ್ಟು ದಿನ ಬಿಟ್ಟು ಅಣ್ಣನ ಮನೆಯಿಂದ ವಾಪಸ್ ಬಂದೆನಲ್ಲ, ಅವತ್ತು ಬಾಗಿಲು ತೆಗೆದಾಗಲೂ ನೀವು ನನ್ನ ಹೀಗೆ ನೋಡಲಿಲ್ಲ.”

ಬಸ್ಸು ಬಂತು. ಅವಳು ಹತ್ತಲಿಲ್ಲ. ಒಂದಿಷ್ಟು ಸರಿದು, ಆ ದೊಡ್ಡ ಕಣ್ಣುಗಳ ನೋಟ ತನ್ನ ಮೇಲೆ ಬೀಳುವಂಥ ಜಾಗದಲ್ಲಿ ಹೋಗಿ ನಿಂತಳು.