ಮಂಜಮ್ಮನ ಟ್ಯಾಂಕು ತುಂಬಿ ಹರಿದದ್ದು

"ಇದಕ್ಕೂ ನೀರು ನಿಲ್ಲವಲ್ದು ರೀ!" ಮಂಜಮ್ಮ ಫ್ಲೋಟ್ ವಾಲ್ವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಟ್ಯಾಂಕು ತುಂಬಿ ಓಣಿ ತುಂಬ ನೀರು. ಜನ ಬೈಯಾಕ ಹತ್ಯಾರ."

ಬೀರಲಿಂಗೇಶನ ಕಿವಿ ಕೆಂಪಾಯಿತು. ಅವನ ಹಾರ್ಡ್‌ವೇರ್ ಅಂಗಡಿಗೆ ಕೊಟ್ಟೂರಿನಲ್ಲಿ ಒಳ್ಳೆಯ ಹೆಸರಿತ್ತು. ಕೊಟ್ಟ ಸಾಮಾನು ವಾಪಸು ಬಂದದ್ದೇ ಇಲ್ಲ, ಈ ಮನೆಯೊಂದನ್ನು ಬಿಟ್ಟು.

ಮೊದಲು ಪ್ಲಾಸ್ಟಿಕ್ಕಿನದು ಕೊಟ್ಟಿದ್ದ. ಅದರ ಚೆಂಡು ಹಿಡಿದ ಕಡ್ಡಿ ಸೊಟ್ಟಗಾಯಿತು. ಸವಳು ನೀರಿಗೆ ಹಿತ್ತಾಳೆಯದೇ ಸರಿ ಎಂದು ಹಿತ್ತಾಳೆಯದು ಕೊಟ್ಟ. ಅದೂ ಸೊಟ್ಟ. ಮೋಟಾರಿನ ರಭಸ ಹೆಚ್ಚಿರಬೇಕೆಂದು ದೊಡ್ಡ ಚೆಂಡಿನ, ದಪ್ಪ ಕಡ್ಡಿಯದನ್ನು ಹುಡುಕಿ ಕೊಟ್ಟ. ಈಗ ಅದೂ ಕುಡುಗೋಲಿನಂತೆ ಬಾಗಿ ಬಂದಿತ್ತು. ಚೆಂಡು ಸರಿಯಾಗಿ ಮೇಲೆದ್ದರೆ ತಾನೇ ನೀರು ಬಂದ್ ಆಗುವುದು?

"ಮೋಟರ್ ಎಷ್ಟು ಜೋರು ಐತ್ರಿ?"

"ಇಲ್ಲಿ ಕುಂತು ಕೇಳಿದ್ರ ಏನ್ ತಿಳೀತೈತಿ? ಮನಿಗೆ ಬಂದು ನೋಡ್ಬೇಕು."

ಅದೊಂದೇ ಅವನಿಂದ ಆಗದ ಕೆಲಸ. ಗಂಡ ತೀರಿದ ಮೇಲೆ ಮಂಜಮ್ಮ ಹೊಲಿಗೆ ಯಂತ್ರ ನಂಬಿ ಒಬ್ಬಳೇ ಇದ್ದಳು. ಅವನಿಗೋ ನಲವತ್ತಾದರೂ ಮದುವೆಯಾಗಿರಲಿಲ್ಲ. ಅವಳು ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, ಮೊಳೆ ಕೇಳಿದವರಿಗೆ ನಟ್ಟು ತೂಗಿಬಿಡುತ್ತಿದ್ದ. ಮನೆಗೆ ಹೋಗುವುದುಂಟೆ! ಕಣ್ಣೆತ್ತದೆ ಸ್ಟೀಲಿನ ವಾಲ್ವ್ ಕೊಟ್ಟು ಕಳಿಸಿದ.

ಸಂಜೆ ಮನೆಗೆ ಹೋದರೆ, ಅವನು ಬಾಯಿ ತೆರೆಯುವ ಮೊದಲೇ ತಾಯಿ ಪಕ್ಕೀರಮ್ಮ ರೊಟ್ಟಿ ಬಡಿಯುತ್ತ ಗದರಿದಳು. "ಮಂಜಮ್ಮನ ಟ್ಯಾಂಕು ಮತ್ತ ಹರದೈತಂತ. ನೀನ ಹೋಗಿ ಕೂಡ್ರಿಸಿ ಬಾರಲೇ!"

"ಜನ ಏನಂದಾರು, ಯವ್ವಾ?"

"ನೀರು ನಿಂತ್ರ ಜನಾನೂ ಸುಮ್ಕಾಗ್ತಾರ."

ಮರುದಿನ ಅಂಗಡಿಯಲ್ಲಿ ಕೂತು ಆ ದಪ್ಪ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ಮೈಮೇಲೆ ಇಕ್ಕಳ ಕಚ್ಚಿದ ಗುರುತು! ಬೀರಲಿಂಗೇಶನ ರಕ್ತ ಕುದಿಯಿತು. ಒಂಟಿ ಹೆಂಗಸೆಂದು ಯಾರೋ ಕಾಡುತ್ತಿದ್ದಾರೆ. ಹಿಡಿದೇ ತೀರಬೇಕು.

ನಡುಮಧ್ಯಾಹ್ನ ಶಟರ್ ಎಳೆದ. ಕಳ್ಳನನ್ನು ಹಿಡಿಯಲು ಹೊರಟವನು ತಲೆ ಬಾಚಿಕೊಂಡದ್ದೇಕೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕಾಲು ಹಗುರ, ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮಂಜಮ್ಮನ ಹಿತ್ತಲ ಸಂದಿಯಿಂದ ಒಳಗೆ ಇಣುಕಿದ.

ಬಚ್ಚಲುಮನೆಯ ಮೇಲಿದ್ದ ಟ್ಯಾಂಕಿಗೆ ಏಣಿ ಒರಗಿತ್ತು. ಏಣಿಯ ತುದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಮುದುಕಿಯೊಬ್ಬಳು ಟ್ಯಾಂಕಿನೊಳಗೆ ಕೈ ಹಾಕಿ, ಇಕ್ಕಳದಿಂದ ಏನನ್ನೋ ಬಗ್ಗಿಸುತ್ತ ಏದುಸಿರು ಬಿಡುತ್ತಿದ್ದಳು.

"ಹಾಳಾದ್ದು, ಸ್ಟೀಲಿಂದು ಕೊಟ್ಟಾನ ನೋಡ, ಬಗ್ಗವಲ್ದು!"

ಅವನ ತಾಯಿ.

ಕೆಳಗೆ ಎರಡೂ ಕೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದು ನಿಂತಿದ್ದ ಮಂಜಮ್ಮ ಕಿಸಕ್ಕನೆ ನಕ್ಕಳು. "ನಿಧಾನ ರೀ ಅತ್ತೀ, ಬಿದ್ದೀರಿ."