ಬಿಡಿಸದ ಕಣ್ಣು

ಯಾರದಾದರೂ ಮುಖವನ್ನು ಪೂರ್ತಿ ಬಿಡಿಸಿದರೆ, ಬಿಡಿಸಿದವರು ಆ ಮನುಷ್ಯರನ್ನೇ ಮರೆತುಬಿಡುತ್ತಾರೆಂಬುದು ಈಗ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾಗಿ ಕಸ್ತೂರಿ ತನ್ನ ಮಗಳ ಅರೆಬರೆ ಚಿತ್ರವನ್ನು ಹವ್ಯಾಸಿ ಚಿತ್ರಕಾರರ ಆನ್‌ಲೈನ್ ಗುಂಪಿಗೆ ಹಾಕಿದೊಡನೆ ಸಲಹೆಗಳು ಬಂದವು.

"ಗಲ್ಲಕ್ಕ ಪೆನ್ಸಿಲ್ ಪುಡಿ ಬೆರಳಿಲೆ ತೀಡ್ರಿ ಅಕ್ಕಾರ, ಮೆತ್ತಗ ಕಾಣ್ತೈತಿ," ಎಂದರು ಒಬ್ಬರು.

"ಕಣ್ಣು ಕಡೀಕ ಇರ್ಲಿ," ಎಂದರು ಇನ್ನೊಬ್ಬರು. "ಅಲ್ಲೀತನಕ ಮನಸ್ಸು ಬದಲಾದ್ರೂ ಆಗಬಹುದು."

ಈಗ ಕಣ್ಣಷ್ಟೇ ಉಳಿದಿತ್ತು. ಮಗು ತೀರಿಕೊಂಡ ಮೇಲೆ ಕಸ್ತೂರಿ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಗಂಡ ವೀರಭದ್ರ ಯುಗಾದಿಗೆ ಮೊದಲೇ ಮಗಳ ಚಿತ್ರವನ್ನು ತಾನೂ ಬಿಡಿಸಿ, ಕಣ್ಣಿನ ಸಮೇತ ಮುಗಿಸಿದ್ದ. ಈಗೀಗ ಊಟಕ್ಕೆ ಕೂತರೆ ಇನ್ನೊಂದು ರೊಟ್ಟಿ ಕೇಳುತ್ತಿದ್ದ.

ಅವಳು ಪೆನ್ಸಿಲ್ ಚೂಪು ಮಾಡಿಕೊಂಡಳು. ಅವನು ಹಿಂದೆ ಬಂದು ನಿಂತು ಬಗ್ಗಿ ನೋಡಿದ.

"ಯಾರ ಕೂಸದು? ಭಾಳ ಚಂದ ಐತಿ."

ಅವಳ ಕೈ ನಿಂತಿತು. ತಾನೂ ಮುಗಿಸಿಬಿಟ್ಟರೆ ಈ ಪ್ರಶ್ನೆಗೆ ಉತ್ತರ ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ.

"ನಮ್ದು," ಎಂದಳು.

ಚೇಷ್ಟೆ ಎಂದುಕೊಂಡು ಅವನು ನಕ್ಕ. "ಮತ್ತ ಕಣ್ಣು ಯಾಕ ಬಿಟ್ಟಿ?"

ಕಸ್ತೂರಿ ಪೆನ್ಸಿಲನ್ನು ಕೆಳಗಿಟ್ಟಳು.

"ಬಿಟ್ಟಿಲ್ಲ. ಇಟ್ಕೊಂಡೀನಿ."