ಖಾಲಿ ಮಿಕ್ಸಿ

ರಜೆಗೆ ಆಫ್ರಿಕಾದ ಉಪ್ಪಿನ ಬಯಲಿಗೇ ಹೋಗಬೇಕೆಂದು ಹಠ ಹಿಡಿದವರು ಎಪ್ಪತ್ತೆರಡರ ಅತ್ತೆ. ಸೊಸೆ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಹಾಲ್‌ನಲ್ಲಿದ್ದ ಅತ್ತೆಗೆ ಕೇಳಿಸದಿರಲೆಂದು ಎಂದಿನಂತೆ ಖಾಲಿ ಮಿಕ್ಸಿ ಹಾಕಿದಳು.

“ನಿಮ್ಮಮ್ಮನ ಜೊತೆ ನಾಲ್ಕು ದಿನ ಒಂದೇ ಟೆಂಟಲ್ಲಾ? ನನ್ನ ಕೈಲಾಗಲ್ಲ!”

“ಅವರ ಆಸೆ ಕಣೇ.”

“ಆಸೆಯಂತೆ! ಒಂದು ಮರ ಇಲ್ಲ, ಮನೆ ಇಲ್ಲ. ನನ್ನ ಗೋಳು ಹೊಯ್ಕೊಳ್ಳೋಕೇ ಆ ಮುದುಕಿ ಹುಡುಕಿರೋ ಜಾಗ ಅದು!”

“ಹಾಗಾದ್ರೆ ನೀನೇ ಹೋಗಿ ಹೇಳು.”

ಮಿಕ್ಸಿ ಆರಿಸಿ, ಮುಖಕ್ಕೆ ನಗು ಅಂಟಿಸಿಕೊಂಡು ಹಾಲ್‌ಗೆ ಬಂದಳು.

“ಅತ್ತೆ, ಅಲ್ಲಿ ಕರೆಂಟ್ ಕೂಡ ಇಲ್ವಂತೆ. ಊಟಿಗೆ ಹೋಗೋಣ್ವಾ?”

ಅತ್ತೆ ಭೂಪಟದಿಂದ ತಲೆ ಎತ್ತಲಿಲ್ಲ.

“ಕರೆಂಟಿಲ್ಲ ಅಂತಾನೇ ಆರಿಸಿದ್ದು. ನನ್ನ ಬಗ್ಗೆ ನೀನು ಏನೇನಂತೀಯೋ, ಮಿಕ್ಸಿ ಸದ್ದಿಲ್ಲದೆ ಒಂದ್ಸಲ ಪೂರ್ತಿ ಕೇಳಿಸ್ಕೋಬೇಕು.”